ಅಂದಾನೆಪ್ಪ ಕಾಕಾರ ಅಖಂಡಜ್ಯೋತಿ

ನಮ್ಮ ಓಣಿಯ ಅಂದಾನೆಪ್ಪ ಕಾಕಾ ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ದಿನ ಇಲಾಖೆ ನೆಮ್ಮದಿಯ ಉಸಿರು ಬಿಟ್ಟಿತು. ನಮ್ಮ ನೆಮ್ಮದಿ ಅಂದೇ ಮುಗಿಯಿತು. ಮನೆ ಸೇರಿದ ಕಾಕಾ ಯಂತ್ರಗಳನ್ನು ಕಟ್ಟತೊಡಗಿದರು.

ಈ ಸಲದ ಯಂತ್ರಕ್ಕೆ ಅಖಂಡಜ್ಯೋತಿ ಎಂದು ಹೆಸರು. ನೋಡಲು ಸ್ಟೀಲಿನ ಹಿಟ್ಟಿನ ಡಬ್ಬಿ. ಅಸಲಿಗೆ ಅದು ಅವರ ಹೆಂಡತಿ ನೀಲವ್ವ ಕಾಕುವಿನ ಹಿಟ್ಟಿನ ಡಬ್ಬಿಯೇ! ಅದನ್ನು ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಬಿಗಿದು ಕಾಕಾ ಓಣಿಯವರನ್ನೆಲ್ಲ ಕರೆದರು. ತಂತಿ ಹರಿಯಲಿ, ಕೊಂಬೆ ಬೀಳಲಿ, ಡಬ್ಬಿ ಕೆಟ್ಟ ಭಾಗವನ್ನು ತಾನೇ ಬೇರ್ಪಡಿಸಿ ಇನ್ನೊಂದು ದಾರಿಯಿಂದ ಕರೆಂಟು ತರುತ್ತದಂತೆ.

“ಇನ್ನ ಮ್ಯಾಲೆ ಕರೆಂಟ್ ಹೋತು ಅನ್ನೂ ಮಾತ ಇಲ್ಲ,” ಎಂದರು ಕಾಕಾ.

“ನನ್ನ ಡಬ್ಬಿ ಹೋತಲ್ಲ, ಅದರ ಮಾತು ಹೇಳ್ರಿ. ಜ್ವಾಳದ ಹಿಟ್ಟು ಸೆರಗಿನ್ಯಾಗ ಕಟ್ಕೊಂಡು ಅಡ್ಡಾಡ್ಲೇನು?” ಎಂದರು ಕಾಕು.

ಕಾಕಾ ಒಂದು ಫ್ಯೂಸ್ ಕಿತ್ತರು. ಫ್ಯಾನಿನ ರೆಕ್ಕೆ ನಿಲ್ಲುವುದರೊಳಗೆ ಕರೆಂಟು ಬಂತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ನಾನು ಶರಣು, ನನ್ನದು ಕುಲ್ಫಿ ವ್ಯಾಪಾರ. ಮೊದಲ ಸಲ ಮದುವೆಯ ಆರ್ಡರ್ ಸಿಕ್ಕಿತ್ತು, ಫ್ರೀಜರ್ ತುಂಬಿತ್ತು. ಕರಗಿದರೆ ನನ್ನ ಹೆಸರೂ ಕರಗಿದಂತೆ. ಪಕ್ಕದ ಓಣಿಯ ಕುಲ್ಫಿ ಚನ್ನವೀರ ಆಗಲೇ ಹೆಣ್ಣಿನ ತಂದೆಯ ಹತ್ತಿರ ಹೋಗಿ, ಶರಣು ಕೈಕೊಟ್ಟರೆ ನಾನಿದ್ದೇನೆ ಎಂದು ಪರೋಪಕಾರ ತೋರಿಸಿ ಬಂದಿದ್ದ.

ಡಬ್ಬಿ ತಾನಾಗಿಯೇ ಕಲಿಯುತ್ತಿತ್ತು. ಇಲಾಖೆಗೆ ಬರುವ ದೂರಿನ ಫೋನುಗಳನ್ನು ಕೇಳಿಸಿಕೊಂಡು, ದೂರು ಕಡಿಮೆಯಾದರೆ ತನ್ನ ಕೆಲಸ ಸರಿಯಿದೆ ಎಂದು ತಿಳಿಯುವಷ್ಟು ಬುದ್ಧಿಯನ್ನು ಕಾಕಾ ಅದಕ್ಕೆ ಕೊಟ್ಟಿದ್ದರು. ಜನರ ಬುದ್ಧಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಗಾಳಿ ಬೀಸಿ ಬೇವಿನ ಕೊಂಬೆ ತಂತಿಯ ಮೇಲೆ ಬಿತ್ತು. ಡಬ್ಬಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಓಣಿಗೆಲ್ಲ ಕರೆಂಟು ಕೊಟ್ಟಿತು. ತಂತಿ ಹರಿದ ಮೂರು ಮನೆಗಳು ಮಾತ್ರ ಉಳಿದವು. ಕರೆಂಟು ಹೋದರೆ ನಮ್ಮವರು ಮೇಣದಬತ್ತಿ ಹುಡುಕುವುದಿಲ್ಲ, ಬಾಗಿಲಿಗೆ ಬಂದು ಎದುರು ಮನೆ ನೋಡುತ್ತಾರೆ. ಅಲ್ಲೂ ಹೋಗಿದ್ದರೆ ಸಮಾಧಾನವಾಗಿ ಒಳಗೆ ಹೋಗಿ ಮಲಗುತ್ತಾರೆ. ಆ ದಿನ ಎದುರು ಮನೆಯಲ್ಲಿ ಟಿವಿ ಹಾಡುತ್ತಿತ್ತು. ಮೂರೂ ಮನೆಯವರು ಇಲಾಖೆಗೆ ಫೋನು ಹಚ್ಚಿ ಜನ್ಮ ಜಾಲಾಡಿದರು.

ಡಬ್ಬಿ ಯೋಚಿಸಿತು. ಓಣಿಯ ಕರೆಂಟನ್ನೆಲ್ಲ ತೆಗೆಯಿತು. ದೂರು ನಿಂತವು!

ಆಮೇಲೆ ನಮ್ಮವರು ಪಕ್ಕದ ಓಣಿಯ ದೀಪಗಳನ್ನು ನೋಡಿ ಫೋನಿನಲ್ಲಿ ಕೂಗಾಡಿದರು. ಡಬ್ಬಿ ಪಕ್ಕದ ಓಣಿಯನ್ನೂ ಆರಿಸಿತು. ಪೇಟೆಯವರು ಸ್ಟೇಶನ್ ರಸ್ತೆಯ ಕಡೆ ಕೈ ತೋರಿಸಿದರು, ಸ್ಟೇಶನ್ ರಸ್ತೆಯೂ ಹೋಯಿತು. ಸಂಜೆಯ ಹೊತ್ತಿಗೆ ತಂತಿಯಿಂದ ತಂತಿಗೆ ದಾಟುತ್ತಾ ಡಬ್ಬಿ ಇಡೀ ಜಿಲ್ಲೆಗೆ ಸಮಾನತೆ ತಂದಿತ್ತು. ಜನ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದರು. ಯಾರ ಮುಖದಲ್ಲೂ ದುಃಖವಿರಲಿಲ್ಲ.

ನಾನು ಮಾತ್ರ ಫ್ರೀಜರ್ ತೆರೆದು ಕುಲ್ಫಿ ಮುಟ್ಟಿ ನೋಡಿದೆ. ಕಾಕಾರ ಮನೆಗೆ ಓಡಿದೆ. ಅವರು ಬೀಗುತ್ತಾ ಮೊಬೈಲ್ ತೋರಿಸಿದರು.

“ನೋಡೋ ಶರಣು, ದೂರು ಸೊನ್ನಿ. ಇಲಾಖೆಯೊಳಗ ಇಂಥಾ ದಿನಾನ ನಾ ನೋಡಿರ್ಲಿಲ್ಲ.”

“ಕಾಕಾ, ನನ್ನ ಕುಲ್ಫಿ ಕರಗಾಕತ್ತೈತ್ರಿ.”

ಅವರ ಮುಖ ಇಳಿಯಿತು. ಎಲ್ಲ ಕಡೆ ಕತ್ತಲಿದ್ದಾಗಲೂ ಒಂದು ದೂರು ಬಂದರೆ ಸಾಕು, ಡಬ್ಬಿ ತಾನು ಕಲಿತದ್ದು ತಪ್ಪೆಂದು ತಿಳಿದು ಕರೆಂಟು ಬಿಡುತ್ತದೆ ಎಂದರು. ಹೊರಗೆ ಬಂದು ಇಲಾಖೆಗೆ ಫೋನು ಹಚ್ಚಿದೆ. ರಿಂಗಾಗುತ್ತಿತ್ತು.

ಅಷ್ಟರಲ್ಲಿ ಚನ್ನವೀರ ನನ್ನ ಮನೆಯ ಕಡೆ ಇಣುಕುತ್ತಾ ಬಂದ. ಅಂಗಿಯ ತೋಳೆಲ್ಲ ಹಾಲು.

“ನಿಂದೂ ಕರಗಾಕತ್ತೈತೇನಪಾ?” ಎಂದ. “ನಂದಂತೂ ಬರೇ ಪಾಯಸ ಆಗೇತಿ.”

ಎದೆಯೊಳಗೆ ಒಮ್ಮೆಲೇ ತಂಪಾಯಿತು. ಕರೆಂಟು ಬಂದರೆ ಇವನದೂ ಗಟ್ಟಿಯಾಗುತ್ತದಲ್ಲ! ಅತ್ತ ಇಲಾಖೆಯವರು ಹಲೋ ಎಂದರು. ನಾನು ಫೋನು ಇಟ್ಟುಬಿಟ್ಟೆ.

ಮರುದಿನ ಮದುವೆಯಲ್ಲಿ ಬೀಗರು ನನ್ನ ಕುಲ್ಫಿಯನ್ನು ಲೋಟದಲ್ಲಿ ಕುಡಿದರು. ಒಬ್ಬರೂ ದೂರಲಿಲ್ಲ. ಪಕ್ಕದವರ ಲೋಟದಲ್ಲೂ ಅದೇ ಇತ್ತು.