ತಂಪು ಪೆಟ್ಟಿಗೆಯಲ್ಲಿ ಖಡಕ್ ರೊಟ್ಟಿ

ಚಿತ್ತಾಪುರದ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಸ್ಟೇಷನರಿ ಅಂಗಡಿ ಇದೆ. ಬೇಸಿಗೆಯಲ್ಲಿ ಶಾಲೆಗಳಿಗೆ ರಜೆ, ಅಂಗಡಿಗೆ ಗಿರಾಕಿ ಇಲ್ಲ. ಕನಸಿಗೆ ಮಾತ್ರ ಬರವಿಲ್ಲ. ಮಧ್ಯಾಹ್ನ ಫ್ಯಾನಿನ ಕೆಳಗೆ ಕುಳಿತು ಅರ್ಧ ಕಣ್ಣು ಮುಚ್ಚಿದರೆ ಸಾಕು, ರಸ್ತೆಯ ಬಿಸಿಲು ಕರಗಿ ಕೆರೆಯಾಗುತ್ತದೆ, ಬಸ್ಸುಗಳು ಅದರಲ್ಲಿ ತೇಲುತ್ತವೆ, ಕಂಡಕ್ಟರು "ಕಾಳಗಿ, ಕಾಳಗಿ" ಎಂದು ಕೂಗುವುದು ಯಾವುದೋ ದೂರದ ದಂಡೆಯಿಂದ ಕೇಳಿಸುತ್ತದೆ. ಇಂಥ ಒಂದು ಮಧ್ಯಾಹ್ನ ನಾನು ಸಂಶೋಧಕನಾದೆ.

ಸಂಶೋಧನೆ ಬಹಳ ಸರಳ. ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿ ಕಲ್ಲಿನಿಂದ ಎರಡು ಸುತ್ತಿನ ಗೋಡೆಯ ಒಂದು ಪೆಟ್ಟಿಗೆ. ಗೋಡೆಗಳ ನಡುವೆ ಮರಳು, ಮರಳಿಗೆ ನೀರು. ಕರೆಂಟು ಬೇಡ, ಬಿಲ್ಲು ಬೇಡ, ಒಳಗಿಟ್ಟದ್ದು ತಣ್ಣಗೆ! ಮೊಸರು ಇಟ್ಟೆ, ಹುಳಿಯಾಗಲಿಲ್ಲ. ಮೆಂತ್ಯ ಸೊಪ್ಪು ಇಟ್ಟೆ, ಬಾಡಲಿಲ್ಲ. ಯಾರೂ ಇಲ್ಲದಾಗ ನನ್ನ ತಲೆಯನ್ನೇ ಒಳಗೆ ತೂರಿಸಿ ನೋಡಿದೆ. ಸ್ವರ್ಗ!

ನನ್ನ ಹೆಂಡತಿ ಜಗದೇವಿಗೂ ಒಂದು ಕನಸಿತ್ತು. ಅವಳು ಓಣಿಯ ಹೆಂಗಸರ ಗುಂಪು ಕಟ್ಟಿಕೊಂಡು ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಚೆನ್ನಾಗಿ ಒಣಗಿಸಿದ ಆ ರೊಟ್ಟಿಯನ್ನು ಮುರಿದರೆ ಪಕ್ಕದ ಮನೆಗೆ ಕೇಳಿಸಬೇಕು, ಅದೇ ಅದರ ಮರ್ಯಾದೆ. ಆ ವರ್ಷ ವಿಶ್ವವಿದ್ಯಾಲಯದವರು ಸುತ್ತಲಿನ ಊರಿನ ಕಸುಬುದಾರರಿಗಾಗಿ ಒಂದು ಕೇಂದ್ರ ತೆರೆದಿದ್ದರು. ಆಯ್ಕೆಯಾದ ಗುಂಪಿಗೆ ಕೋಣೆ, ಯಂತ್ರ, ತರಬೇತಿ, ಚಂದದ ಪಾಕೀಟು ಎಲ್ಲವನ್ನೂ ಅವರೇ ಕೊಡುತ್ತಾರಂತೆ. ಆದರೆ ನಮ್ಮ ತಾಲೂಕಿನಿಂದ ಒಂದೇ ಒಂದು ಗುಂಪು. ರೊಟ್ಟಿ ತಿಂದು ನೋಡಿ ತೀರ್ಮಾನ!

"ರೀ, ಪಾಕೀಟಿನ ಮ್ಯಾಲ ನಮ್ಮ ಗುಂಪಿನ ಹೆಸರು ಹಾಕ್ತಾರಂತ, ಖರೇ ಏನ್ರಿ?" ಎಂದು ಹಿಟ್ಟು ನಾದುತ್ತಾ ಕೇಳಿದಳು. ಆಗ ಅವಳ ಮುಖ ನೋಡಬೇಕಿತ್ತು. ನಮ್ಮ ಮದುವೆಯಲ್ಲೂ ಅಷ್ಟು ಕಳೆ ಇರಲಿಲ್ಲ. ಅಲ್ಲಿ ವರ ನಾನಾಗಿದ್ದೆ, ಇರಲಿ.

ಆಯ್ಕೆಯ ದಿನ ಹೆಂಗಸರೆಲ್ಲ ಕೇಂದ್ರಕ್ಕೆ ಬಸ್ಸಿನಲ್ಲಿ ಹೊರಟರು. ಬಸ್ಸಿನ ನೂಕುನುಗ್ಗಲಿನಲ್ಲಿ ರೊಟ್ಟಿ ಪುಡಿಯಾಗುತ್ತದೆಂದು ಗಂಟು ತರುವ ಘನ ಜವಾಬ್ದಾರಿಯನ್ನು ನನಗೆ ವಹಿಸಲಾಯಿತು.

"ಗಂಟು ಬಿಚ್ಚಬ್ಯಾಡ್ರಿ. ಅದರ ಸುದ್ದಿಗೇ ಹೋಗಬ್ಯಾಡ್ರಿ. ಹೆಂಗ ಅದ ಹಂಗ ತಂದು ಇಡ್ರಿ," ಎಂದಳು ಜಗದೇವಿ.

"ಏ, ನಾ ಏನ್ ಸಣ್ಣ ಹುಡುಗ ಏನ?" ಎಂದೆ. ಸಣ್ಣ ಹುಡುಗನಾಗಿದ್ದರೆ ಮಾತು ಕೇಳುತ್ತಿದ್ದೆನೋ ಏನೋ!

ಬಸ್ಸು ಹೋದದ್ದೇ ತಡ, ನಮ್ಮ ಓಣಿಯ ರಸೂಲನ ಮೂರು ಗಾಲಿಯ ಟಂಟಂ ಗಾಡಿಗೆ ರೊಟ್ಟಿಯ ಜೊತೆ ನನ್ನ ಪೆಟ್ಟಿಗೆಯನ್ನೂ ಏರಿಸಿದೆ. ನನ್ನ ಸಂಶೋಧನೆ ತೋರಿಸಲು ಪ್ರೊಫೆಸರುಗಳು ಒಂದೇ ಕಡೆ ಸಿಗುವುದು ದಿನಾ ಆಗುವ ಮಾತೇ? ಪೆಟ್ಟಿಗೆ ಏರಿಸಲು ಬಂದವರೆಲ್ಲ ಸೊಂಟ ಹಿಡಿದುಕೊಂಡು ಹೋದರು.

"ಅಣ್ಣಾ, ಮುಂದಿನ ಗಾಲಿ ಮ್ಯಾಲ ಏಳ್ಲಿಕತ್ತದ! ನೀವು ಮುಂದ ಬಂದು ಕುಂದ್ರಿ," ಎಂದ ರಸೂಲ. ಸಂಶೋಧಕ ಸ್ವತಃ ತೂಕದ ಕಲ್ಲಾಗಿ ಪ್ರಯಾಣ ಬೆಳೆಸಿದ.

ಶಹಾಬಾದ್ ದಾಟಿ ಒಂದು ಬೇವಿನ ಮರದ ಕೆಳಗೆ ಚಹಾಕ್ಕೆ ನಿಂತೆವು. ಬಿಸಿಲೆಂದರೆ ಬಿಸಿಲು! ರೊಟ್ಟಿಯ ಗಂಟು ಮುಟ್ಟಿದೆ. ಸುಡುತ್ತಿತ್ತು. ಪಾಪ, ಅನಿಸಿತು. ನಮ್ಮ ಕಡೆ ಬೇಸಿಗೆಯಲ್ಲಿ 'ತಂಪು' ಎಂದರೆ ಮುಗಿಯಿತು, ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಗಂಟು ಬಿಚ್ಚಿದೆ. ರೊಟ್ಟಿಗಳನ್ನು ಒಂದೊಂದಾಗಿ, ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಪೆಟ್ಟಿಗೆಯೊಳಗೆ ಮಲಗಿಸಿದೆ. ಹೋಟೆಲಿನವನ ಕೊಡ ಇಸಿದುಕೊಂಡು ಮರಳಿಗೆ ತುಂಬ ನೀರು ಹೊಯ್ದೆ. ಒಂದಿಷ್ಟು ಒಳಗೂ ಚಿಮುಕಿಸಿದೆ. ಪ್ರೀತಿ ಹೆಚ್ಚಾದಾಗ ಹಾಗೆಯೇ!

ಗಾಡಿ ಹೊರಟಿತು. ಕಣ್ಣು ಮುಚ್ಚಿದೆ. ಕುಲಪತಿಗಳು ನನ್ನ ಕೊರಳಿಗೆ ಮಾಲೆ ಹಾಕುತ್ತಿದ್ದರು. ಸೇಡಮ್ಮಿನಿಂದ ವಾಡಿಯವರೆಗೆ ಮನೆಮನೆಯಲ್ಲೂ ನನ್ನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ತಣ್ಣನೆಯ ಮೊಸರು, ಎಲ್ಲ ಹೆಂಗಸರ ಬಾಯಲ್ಲೂ ನನ್ನ ಹೆಸರು. ಕಣ್ಣು ತೆರೆದರೆ ದಾರಿಯುದ್ದಕ್ಕೂ ತೊಗರಿ ಕೊಯ್ದ ಖಾಲಿ ಹೊಲಗಳು ನನಗಾಗಿಯೇ ಹಾಸಿದ ಕಂಬಳಿಗಳಂತೆ ಕಂಡವು.

ಕೇಂದ್ರದಲ್ಲಿ ಎಲ್ಲರೂ ಕಾಯುತ್ತಿದ್ದರು. ಪೆಟ್ಟಿಗೆ ಇಳಿಯುವುದನ್ನು ಕಂಡು ಜಗದೇವಿಯ ಮುಖ ಸಣ್ಣದಾಯಿತು.

"ರೀ, ರೊಟ್ಟಿ ಎಲ್ಲಿ?"

"ಒಳಗ ಅವ. ತಣ್ಣಗ!"

"ಅಯ್ಯ ಶಿವನೇ!" ಎಂದು ಅವಳ ಗೆಳತಿ ಈರಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತಳು.

ಕೇಂದ್ರದ ಮುಖ್ಯಸ್ಥೆ ಮೇಡಂ ಒಂದು ರೊಟ್ಟಿ ಕೈಗೆತ್ತಿಕೊಂಡು ಮುರಿಯಲು ಹೋದರು. ರೊಟ್ಟಿ ಮುರಿಯಲಿಲ್ಲ. ಕರವಸ್ತ್ರದ ಹಾಗೆ ಮಡಚಿಕೊಂಡಿತು! ಪಕ್ಕದ ಪ್ರೊಫೆಸರು ಕನ್ನಡಕ ಸರಿಮಾಡಿಕೊಂಡು, "ಇದು ಖಡಕ್ ರೊಟ್ಟಿ ಅಂದ್ರಲ್ಲ?" ಎಂದರು.

"ಬಿಸಲಾಗ ಸುಡ್ಲಿಕತ್ತಿತ್ರಿ... ತಂಪಾಗ್ಲಿ ಅಂತ..." ಎಂದು ತೊದಲಿದೆ.

"ತಂಪು ಮಾಡ್ಲಿಕ್ಕೆ ಅವೇನು ಹೂವೇನ್ರಿ?" ಎಂದಳು ಜಗದೇವಿ. ಬೈದಿದ್ದರೆ ಚೆನ್ನಾಗಿತ್ತು. ಅವಳ ಕಣ್ಣುಗಳು ತುಂಬಿದ್ದವು. ಅಷ್ಟು ಹೆಂಗಸರ ದುಡಿಮೆ ನನ್ನ ಪೆಟ್ಟಿಗೆಯಲ್ಲಿ ಒದ್ದೆಯಾಗಿ ಮಲಗಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮೇಡಂ ಮಾತ್ರ ರೊಟ್ಟಿ ಕೆಳಗಿಡಲಿಲ್ಲ. "ಅಮ್ಮಾ, ಮಳೆಗಾಲದಾಗೂ ರೊಟ್ಟಿ ಹಿಂಗ ಆಗ್ತಾವೇನು?" ಎಂದು ಕೇಳಿದರು.

ಜಗದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೌದ್ರಿ. ಮಳೆ ಹಿಡೀತಂದ್ರ ಒಣಗಂಗೇ ಇಲ್ಲ. ಕೆಲಸ ಬಂದ್ ಮಾಡಿ ಮನ್ಯಾಗ ಕುಂದ್ರತೀವಿ. ಅದಕ್ಕೇನರ ದಾರಿ ತೋರಸ್ರಿ ಅಂತ ಕೇಳ್ಲಿಕ್ಕೇ ಬಂದಿದ್ದಿವ್ರಿ."

ಮೇಡಂ ಪಕ್ಕದ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದರು. ಅಲ್ಲಿ ಬೀಜ, ಸೊಪ್ಪು ಒಣಗಿಸುವ ಒಂದು ಯಂತ್ರವಿತ್ತು. ಒದ್ದೆ ರೊಟ್ಟಿಗಳನ್ನು ಅದರೊಳಗೆ ಹರಡಿದರು. ಕಾವು ಎಷ್ಟಿರಬೇಕೆಂದು ಜಗದೇವಿ ಹೇಳುತ್ತಾ ಹೋದಳು, ಮೇಡಂ ಗುಂಡಿ ತಿರುಗಿಸುತ್ತಾ ಹೋದರು. ನಾನು ಬಾಗಿಲಿಗೆ ಕಿವಿಗೊಟ್ಟು ಹೊರಗೆ ನಿಂತಿದ್ದೆ. ಕೊನೆಗೆ ಒಳಗಿನಿಂದ 'ಕಟಕ್' ಎಂಬ ಸದ್ದು ಬಂತು. ಅಷ್ಟು ಇಂಪಾದ ಸದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ!

ಗುಂಪು ಆಯ್ಕೆಯಾಯಿತು. ಯಂತ್ರವೂ ಸಿಕ್ಕಿತು, ಕೋಣೆಯೂ ಸಿಕ್ಕಿತು. ಈರಮ್ಮ ಜಗದೇವಿಯನ್ನು ತಬ್ಬಿಕೊಂಡು ಅತ್ತಳು. ಸಂದರ್ಭ ನೋಡಿ ನಾನು ಗಂಟಲು ಸರಿಮಾಡಿಕೊಂಡು, "ಮೇಡಂ, ನನ್ನ ಪೆಟ್ಟಿಗಿ ಇರಲಿಲ್ಲಂದ್ರ ಈ ಸಮಸ್ಯೆ ನಿಮಗ ತಿಳೀತಿರಲಿಲ್ಲ," ಎಂದೆ. ಹೆಂಗಸರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ರಸೂಲನ ಹಿಂದೆ ಸರಿದೆ.

"ಖರೇ ಅದ," ಎಂದರು ಮೇಡಂ. "ಪೆಟ್ಟಿಗಿ ಇಲ್ಲೇ ಬಿಟ್ಟು ಹೋಗ್ರಿ. ನಮಗ ಭಾಳ ಉಪಯೋಗಕ್ಕ ಬರ್ತದ."

ನನ್ನ ಎದೆ ಉಬ್ಬಿತು. ವಿಶ್ವವಿದ್ಯಾಲಯದಲ್ಲಿ ನನ್ನ ಪೆಟ್ಟಿಗೆ! ಅಂಗಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೆ. ಮುಧೋಳಕ್ಕೆ ಬಸ್ಸು ಕೇಳಲು ಬಂದವನಿಗೂ ಹೇಳಿದೆ, ಅವನಿಗೆ ಬಸ್ಸು ತಪ್ಪಿತು.

ಉಪಯೋಗ ಏನೆಂದು ಆಮೇಲೆ ತಿಳಿಯಿತು. ಅಲ್ಲಿ ವಿದ್ಯಾರ್ಥಿಗಳು ರೊಟ್ಟಿಗೆ ಹೊಸ ಹೊಸ ಪಾಕೀಟು ತಯಾರಿಸುತ್ತಾರೆ. ಪಾಕೀಟು ಗಟ್ಟಿಯೋ ಇಲ್ಲವೋ ಎಂದು ಪರೀಕ್ಷಿಸಬೇಕಲ್ಲ? ರೊಟ್ಟಿ ತುಂಬಿ, ಬಾಯಿ ಮುಚ್ಚಿ, ನನ್ನ ಪೆಟ್ಟಿಗೆಯ ತೇವದಲ್ಲಿ ಇಡುತ್ತಾರೆ. ಅದರೊಳಗೂ ಖಡಕ್ಕಾಗಿ ಉಳಿದ ರೊಟ್ಟಿ ಯಾವ ಮಳೆಗಾಲಕ್ಕೂ ಹೆದರುವುದಿಲ್ಲವಂತೆ!

ಮೊನ್ನೆ ಜಗದೇವಿ ಓಡುತ್ತಾ ಅಂಗಡಿಗೆ ಬಂದಳು. ಕೈಯಲ್ಲಿ ಹೊಸ ಪಾಕೀಟು, ಅದರ ಮೇಲೆ ದಪ್ಪಕ್ಷರದಲ್ಲಿ ಅವರ ಗುಂಪಿನ ಹೆಸರು. "ರೀ, ನಿಮ್ಮ ಪೆಟ್ಟಿಗ್ಯಾಗ ಇಟ್ಟರೂ ಏನೂ ಆಗಿಲ್ರೀ!" ಎಂದು ರೊಟ್ಟಿಯನ್ನು ನನ್ನ ಕಿವಿಯ ಹತ್ತಿರವೇ ಹಿಡಿದು ಮುರಿದಳು. ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತು. ಎಲ್ಲ ಸಂಶೋಧಕರಿಗೂ ಅವರ ಯಂತ್ರ ಗೆದ್ದಾಗ ಜನ ಚಪ್ಪಾಳೆ ತಟ್ಟುತ್ತಾರೆ. ನನ್ನದು ಪಾಕೀಟಿನ ಮುಂದೆ ಸೋತಾಗಲೆಲ್ಲ ತಟ್ಟುತ್ತಾರೆ. ಮೊದಲು ತಟ್ಟುವವನು ನಾನೇ!