ಟೋನರ್ ಹಚ್ಚಿಕೊಂಡ ಕೆಮಿಸ್ಟ್

ಓದಿದ ವಿದ್ಯೆ ಮನೆಯಲ್ಲೂ ಉಪಯೋಗಕ್ಕೆ ಬರಬೇಕೆಂದು ಆಸೆಪಡುವುದು ನನ್ನಂಥ ಗಂಡಸರ ದೊಡ್ಡ ದೌರ್ಬಲ್ಯ. ನಾನು ಮದರಾಸಿನ ಮಣಲಿಯ ಒಂದು ಕಾರ್ಖಾನೆಯಲ್ಲಿ ಕೆಮಿಸ್ಟ್. ದಿನವಿಡೀ ಎಣ್ಣೆಗಳ ಗುಣ ಪರೀಕ್ಷಿಸಿ ಕೀಲ್ಪಾಕಿನ ಮನೆಗೆ ಬಂದರೆ ಅಲ್ಲಿ ನನ್ನ ವಿದ್ಯೆಯನ್ನು ಕೇಳುವವರೇ ಇಲ್ಲ. ಹಾಗಾಗಿ ಒಂದು ಸಂಜೆ ಹೆಂಡತಿ ಸುಧಾ ಎರಡು ಬಾಟಲಿ ಮುಂದಿಟ್ಟು, "ಇದು ಟೋನರ್, ಇದು ಕ್ಲೆನ್ಸಿಂಗ್ ವಾಟರ್. ಏನೇನು ಹಾಕಿದ್ದಾರೆ ಓದಿ ಹೇಳ್ರೀ, ಯಾವುದು ಒಳ್ಳೇದು?" ಎಂದಾಗ ಉಬ್ಬಿಹೋದೆ. ಇನ್ನೊಂದಿಷ್ಟು ದಿನಕ್ಕೆ ಮೈಸೂರಿನಲ್ಲಿ ಅವಳ ಕಾಲೇಜು ಗೆಳತಿಯರೆಲ್ಲ ಸೇರುವವರಿದ್ದರು. ಮದರಾಸಿನ ಬಿಸಿಲು ತನ್ನ ಮುಖವನ್ನು ಹುರಿದುಹಾಕಿದೆ ಎಂಬುದು ಅವಳ ದುಃಖ. ಹುರಿಯದೆ ಉಳಿದವರ ಮುಂದೆ ಹೋಗಿ ನಿಲ್ಲಬೇಕಲ್ಲ ಎಂಬುದು ಅದಕ್ಕಿಂತ ದೊಡ್ಡ ದುಃಖ.

ಕನ್ನಡಕ ಏರಿಸಿ ಓದಿದೆ. ಎರಡರಲ್ಲೂ ಮೊದಲು ನೀರು, ಆಮೇಲೆ ಗ್ಲಿಸರಿನ್. ಕ್ಲೆನ್ಸಿಂಗ್ ವಾಟರಿನಲ್ಲಿ ಮೇಕಪ್ಪು ತೆಗೆಯುವ, ಸೋಪಿನ ಜಾತಿಯ ಸೌಮ್ಯ ಪದಾರ್ಥ. ಟೋನರಿನಲ್ಲಿ ಗ್ಲೈಕೋಲಿಕ್ ಆಸಿಡ್. "ಆಸಿಡ್ ಇರೋದೇ ಗಟ್ಟಿ ಮಾಲು," ಎಂದು ತೀರ್ಪು ಕೊಟ್ಟೆ.

"ಅಪ್ಪಾ, ಅದು ವೇರ, ಇದು ವೇರ!" ಎಂದಳು ಮಗಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುವವಳು ಅವಳು. ಒಂದು ಕೊಳೆ ಒರೆಸುವುದಕ್ಕೆ, ಇನ್ನೊಂದು ಆಮೇಲೆ ಹಚ್ಚುವುದಕ್ಕೆ, ಅದೂ ರಾತ್ರಿ ಮಾತ್ರ, ಹಚ್ಚಿಕೊಂಡು ಬಿಸಿಲಿಗೆ ಹೋಗಬಾರದು ಎಂದು ಪಾಠ ಮಾಡಿದಳು. ಸುಧಾ ಮಗಳ ಮಾತೇ ಸರಿಯೆಂದು ಕ್ಲೆನ್ಸಿಂಗ್ ವಾಟರ್ ಎತ್ತಿಕೊಂಡು ಹೊರಟುಹೋದಳು.

ಇಷ್ಟು ವರ್ಷ ಕೆಮಿಸ್ಟ್ ಆಗಿದ್ದು ಇದಕ್ಕೇನಾ? ಮರುದಿನ ಬೆಳಿಗ್ಗೆಯೇ ಟೋನರನ್ನು ಮುಖಕ್ಕೆ ಧಾರಾಳವಾಗಿ ಬಳಿದುಕೊಂಡು ಕೆಲಸಕ್ಕೆ ಹೋದೆ. ಅವತ್ತು ಟ್ಯಾಂಕುಗಳ ನಡುವೆ ಬಿಸಿಲಲ್ಲೇ ನಿಲ್ಲುವ ಕೆಲಸ. ಮಧ್ಯಾಹ್ನದ ಹೊತ್ತಿಗೆ ಮುಖ ಕೆಂಪಾಗಿ ಉರಿಯತೊಡಗಿತು. ಸೇಫ್ಟಿ ಆಫೀಸರು ಓಡಿಬಂದು, "ಸಾರ್, ಯಾವ ಟ್ಯಾಂಕ್ ಲೀಕು?" ಎಂದರು. ನಮ್ಮನೆ ಬಾತ್‌ರೂಮಿನದು ಎನ್ನಲು ಬಾಯಿ ಬರಲಿಲ್ಲ. ಚರ್ಮದ ಡಾಕ್ಟರಮ್ಮ ನನ್ನ ಉದ್ಯೋಗ ಏನೆಂದು ಕೇಳಿ, ಪೆನ್ನು ಕೆಳಗಿಟ್ಟು, ನಗು ಮುಗಿದ ಮೇಲೆ ಮುಲಾಮು ಬರೆದರು.

ಮೈಸೂರಿಗೆ ಹೊರಡುವ ಹೊತ್ತಿಗೆ ಸಿಪ್ಪೆಯೆಲ್ಲ ಸುಲಿದು ಹೊಸ ಚರ್ಮ ಬಂದಿತ್ತು. ಗೆಳತಿಯರು ಸುಧಾಳನ್ನು ಅಪ್ಪಿಕೊಂಡವರೇ ನನ್ನ ಕಡೆ ತಿರುಗಿ, "ನಿಮ್ಮೆಜಮಾನ್ರು ಎಷ್ಟು ಲಕ್ಷಣವಾಗಿದ್ದಾರಲ್ಲೇ! ಮುಖಕ್ಕೆ ಏನು ಹಚ್ತಾರೆ?" ಎಂದರು. ಸುಧಾ ನನ್ನನ್ನು ನೋಡಿದಳು.

ಈಗ ನನ್ನ ಟೋನರ್ ಮುಗಿಯುತ್ತ ಬಂದರೆ ಅಂಗಡಿಗೆ ಹೋಗುವವನು ನಾನೇ. "ಯಾರುಕ್ಕು ಸಾರ್?" ಎಂದು ಕೌಂಟರಿನ ಹೆಂಗಸು ಪ್ರತಿಸಲ ಕೇಳುತ್ತಾಳೆ.

ಹೆಂಡತಿಗೆ ಎನ್ನುತ್ತೇನೆ.