ಸುಳ್ಳು ರೋಗಿಯ ಚೌಕಾಸಿ

ಚೌಕಾಸಿ ಮಾಡದೆ ಯಾವುದನ್ನೂ ಒಪ್ಪಿಕೊಳ್ಳಬೇಡಿ ಎಂದು ನಾನು ಕಂಡವರಿಗೆಲ್ಲ ಬುದ್ಧಿ ಹೇಳುತ್ತೇನೆ. ಸಂತೆಯಲ್ಲಿ ಗೋಣಿತಾಟು ಹಾಸಿ ಬೆಲ್ಲ ಮಾರಿ, ಪಾಂಡವಪುರದಲ್ಲಿ ಸ್ವಂತ ಮಂಡಿ ಇಟ್ಟವನ ಮಾತು, ತಳ್ಳಿಹಾಕಬೇಡಿ. ಹೆಣ್ಣು ನೋಡಲು ಹೋದಲ್ಲಿ ಕೇಸರಿಬಾತಿಗೂ ಚೌಕಾಸಿ ಮಾಡಿದ್ದೆನೆಂದು ನನ್ನಾಕೆ ಇಂದಿಗೂ ಆಡಿಕೊಳ್ಳುತ್ತಾಳೆ. ಅದಿರಲಿ, ಕಾಯಿಲೆಗೇ ಚೌಕಾಸಿ ಮಾಡಿದವನು ನಮ್ಮ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ತೊಂಬತ್ತರ ದಶಕದ ಕೊನೆ. ನನ್ನ ಬಾಲ್ಯದ ಗೆಳೆಯ ಡಾಕ್ಟರು. ಅವನ ನರ್ಸಿಂಗ್ ಹೋಮಿಗೆ ಸೊಸೆ ಶಾರದಾ, ಅವಳೂ ಡಾಕ್ಟರೇ, ಕಂಪ್ಯೂಟರ್ ತರಿಸಿದ್ದಳು. ರೋಗಿಗಳ ವಿವರವೆಲ್ಲ ಇನ್ನು ಅದರೊಳಗೆ. ಗೆಳೆಯ ಪಟ್ಟು ಹಿಡಿದ: “ಮೊದ್ಲು ಸುಳ್ಳು ರೋಗೀನ ಕೂರಿಸ್ಕೊಂಡು ನನ್ನೆದುರು ಅಭ್ಯಾಸ ಮಾಡವ್ವ. ತಪ್ಪಿದ್ರೆ ಪೆಟ್ಟಿಗೆ ವಾಪಸ್ ಮೈಸೂರಿಗೆ.” ಸುಳ್ಳು ರೋಗಿ ಯಾರು? ನಾನೇ.

ನನ್ನ ಪಾಲಿಗೆ ಬಂದದ್ದು ಎದೆನೋವು, ಜೊತೆಗೆ ಸಕ್ಕರೆ ಕಾಯಿಲೆ. “ಅಂಗೆಲ್ಲ ಬಾಯಲ್ಲಿ ಬರಬಾರ್ದು ಕಣವ್ವ, ಅಸ್ತು ದೇವತೆಗಳು ಕೇಳಿಸ್ಕೊತಾರೆ. ನೆಗಡಿ ಕೊಡು, ಸಾಕು,” ಎಂದೆ. “ನೆಗಡಿಗೆ ಕಂಪ್ಯೂಟರ್ ಯಾಕೆ ಮಾವ?” ಎಂದಳು ಶಾರದಾ; ಮಾವನ ಗೆಳೆಯನಾದ ನಾನೂ ಅವಳಿಗೆ ಮಾವನೇ. ಬೆಲ್ಲದ ವ್ಯಾಪಾರಿಗೆ ಸಕ್ಕರೆ ಕಾಯಿಲೆ ಅಂಟಿಸಿದರೆ ಮಂಡಿಯ ಮಾನವೇನಾಗಬೇಕು? ಎಳೆದಾಡಿ ಹೊಟ್ಟೆನೋವಿಗೆ ಇತ್ಯರ್ಥವಾಯಿತು.

ನಾನು ಹೊಟ್ಟೆ ಹಿಡಿದು ನರಳಿದೆ. ಶಾರದಾ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತಾ, “ಏನು ತೊಂದರೆ?” ಎಂದು ಪರದೆಯನ್ನೇ ಕೇಳಿದಳು. ಇನ್ನೂ ಜೋರಾಗಿ ನರಳಿದೆ. ಊಹೂಂ. ಗೆಳೆಯ ವೈರು ಕೀಳಲು ಎದ್ದೇಬಿಟ್ಟ. ನನಗೆ ತಡೆಯಲಾಗಲಿಲ್ಲ. “ಅವ್ವಾ, ನಾನು ಇಲ್ಲಿವ್ನಿ! ತಕ್ಕಡಿ ನೋಡ್ತಾ ಮಾತಾಡಿದ್ರೆ ಗಿರಾಕಿ ಪಕ್ಕದ ಮಂಡಿಗೆ ಹೊಂಟೋಯ್ತಾನೆ. ಮೊದ್ಲು ಮುಖ ನೋಡು, ಆಮೇಲೆ ಒತ್ತು.”

ಅವಳು ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದಳು. ನೋಡುತ್ತಲೇ ಇದ್ದಳು. “ಕಣ್ಣಿನ ಕೆಳಗೆ ಯಾಕೆ ಊದ್ಕೊಂಡಿದೆ ಮಾವ?” ಎಂದು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದಳು. “ಇದು ಒಪ್ಪಂದದಲ್ಲಿ ಇರ್ಲಿಲ್ಲ,” ಎಂದೆ. “ಇದು ಸುಳ್ಳಲ್ಲ ಮಾವ, ನಿಜವಾಗ್ಲೂ ಬಿ.ಪಿ. ಜಾಸ್ತಿಯಿದೆ.” ಗೆಳೆಯ ನಂಬದೆ ತಾನೂ ನೋಡಿದ, ಸಪ್ಪಗಾದ. “ಲೇ, ದಿನಾ ಸಂಜೆ ನಿನ್ನ ಜೊತೆ ಕೂತು ಕಾಫಿ ಕುಡೀತೀನಿ, ನನ್ ಕಣ್ಗೇ ಬೀಳ್ಲಿಲ್ವಲ್ಲೋ!” ಎಂದವನು ಸೊಸೆಯತ್ತ ತಿರುಗಿ, “ಇರ್ಲಿ ಬುಡವ್ವ ನಿನ್ ಪೆಟ್ಟಿಗೆ,” ಎಂದ.

ಹೀಗೆ ಆ ಕಂಪ್ಯೂಟರಿನೊಳಗೆ ಹೊಕ್ಕ ಮೊದಲ ನಿಜವಾದ ರೋಗಿ ನಾನಾದೆ. ಉಪ್ಪು ಕಮ್ಮಿ, ಉಪ್ಪಿನಕಾಯಿ ಬಂದ್ ಎಂದಳು ಶಾರದಾ. “ಊಟಕ್ಕೆ ಒಂದೇ ಒಂದು ಹೋಳು…” ಎಂದು ಶುರುಮಾಡಿದೆ. ಅವಳು ನಾನು ಕಲಿಸಿದಂತೆಯೇ ನನ್ನ ಮುಖವನ್ನೇ ನೋಡುತ್ತಾ ಹೇಳಿದಳು: “ಇಲ್ಲಿ ಒಂದೇ ರೇಟು ಮಾವ.”